ಕಿರುಬೆರಳಿನ ಶೆಟ್ಟಿ

ನಮ್ಮೂರಿನ ಪೇಟೆಯಲ್ಲಿ ಯಾವ ವ್ಯಾಪಾರಿಯ ಸಂಸಾರ ಹೇಗೆ ನಡೆಯುತ್ತಿದೆ ಎಂದು ತಿಳಿಯಬೇಕಾದರೆ ಅವನ ಮನೆಗೆ ಹೋಗಿ ಇಣುಕಬೇಕಾಗಿಲ್ಲ. ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಕದದಮ್ಮನ ಗುಡಿಯ ಕಟ್ಟೆಯ ಮೇಲೆ ಕಾಫಿ ಲೋಟ ಹಿಡಿದು ಕೂತರೆ ಸಾಕು. ಮನೆಯಲ್ಲಿ ಯಾರಿಗೂ ಮುನಿಸಿಲ್ಲದವನ ಷಟರ್ ಸರ್ರನೆ ಮೇಲೇರುತ್ತದೆ. ಹೆಂಡತಿಯೋ ತಾಯಿಯೋ ಮಗಳೋ ಮನಸ್ಸಿನಲ್ಲಿ ಏನಾದರೂ ಇಟ್ಟುಕೊಂಡಿದ್ದರೆ ಅದೇ ಷಟರ್ ಭಾರವಾಗುತ್ತದೆ. ಮುನಿಸು ಎಷ್ಟೋ, ಭಾರವೂ ಅಷ್ಟು. ಎಣ್ಣೆ ಬಿಟ್ಟರೂ, ಆಳು ಹಚ್ಚಿ ಎತ್ತಿಸಿದರೂ ಪ್ರಯೋಜನವಿಲ್ಲ. ಷಟರ್ ರಿಪೇರಿ ಮಾಡುತ್ತೇನೆಂದು ಬೇರೆ ಊರಿನಿಂದ ಬಂದು ಅಂಗಡಿ ಹಾಕಿದ್ದವನೊಬ್ಬ ಸ್ವಲ್ಪ ಕಾಲ ನೋಡಿ, ಕೊನೆಗೆ ಮಲ್ಲಿಗೆ ಹೂವಿನ ವ್ಯಾಪಾರಕ್ಕೆ ಇಳಿದ. ಈಗ ಚೆನ್ನಾಗಿದ್ದಾನೆ.

ಹೀಗಾಗಿ ನಮ್ಮಲ್ಲಿ ಒಂದು ವಾಡಿಕೆ ಬೆಳೆದಿದೆ. ವ್ಯಾಪಾರಕ್ಕೆ ಹೊರಡುವವನು ಚಪ್ಪಲಿ ಮೆಟ್ಟುವ ಮುಂಚೆ ಹೊಸ್ತಿಲ ಹತ್ತಿರ ನಿಂತು ಒಳಕ್ಕೆ ತಿರುಗಿ, "ಮನಸ್ಸಲ್ಲಿ ಏನಾದ್ರೂ ಇದ್ಯಾ?" ಎಂದು ಕೇಳಬೇಕು. ಇದ್ದರೆ ಮನೆಯವರು ಹೇಳುತ್ತಾರೆ. ಬೇಕರಿ ಗಫಾರ್ ಸಾಬರು ದಿನವೂ ತಾಯಿಯ ಮಂಚದ ಪಕ್ಕ ಕೂತು ಕೇಳಿಯೇ ಹೊರಡುವುದು. ಆ ಮುದುಕಿ, "ನಿನ್ನೆ ತಂದ ಬನ್ನು ಗಟ್ಟಿ ಇತ್ತು ಕಣೋ" ಎಂದು ಹೇಳಿಬಿಟ್ಟರೆ ಮುನಿಸು ಅಲ್ಲಿಗೆ ಮುಗಿಯಿತು. ಜವಳಿ ಅಂಗಡಿಯ ಹಾಲಪ್ಪನವರದು ಅಣ್ಣತಮ್ಮಂದಿರು, ಸೊಸೆಯಂದಿರು ಎಲ್ಲ ಸೇರಿದ ತುಂಬಿದ ಮನೆ. ಒಬ್ಬೊಬ್ಬರನ್ನೇ ಕೇಳಿ ಸಮಾಧಾನ ಮಾಡಿ ಬರುವಷ್ಟರಲ್ಲಿ ಹೊತ್ತು ನೆತ್ತಿಗೇರುತ್ತದೆ. ಅದಕ್ಕೇ ಊರಿನವರು ಸೀರೆ ಕೊಳ್ಳುವುದನ್ನು ಸಂಜೆಗೆ ಇಟ್ಟುಕೊಂಡಿದ್ದಾರೆ.

ನಾನು ಮಾತ್ರ ಕೇಳುತ್ತಿರಲಿಲ್ಲ. ನಾನೆಂದರೆ ಚಿದಂಬರ ಶೆಟ್ಟಿ, ಚಿದಂಬರ ಪಾತ್ರೆ ಭಂಡಾರದ ಮಾಲೀಕ. ಮದುವೆ ಆದ ಹೊಸದರಲ್ಲಿ ನಾನೂ ಹೊಸ್ತಿಲಲ್ಲಿ ನಿಂತು ಕೇಳಿದ್ದುಂಟು. ಅಲಮೇಲು, ಅಂದರೆ ನನ್ನ ಹೆಂಡತಿ, "ಏನಿಲ್ಲ, ಹೋಗ್ಬನ್ನಿ" ಎನ್ನುತ್ತಿದ್ದಳು. ಷಟರ್ ಏಳುತ್ತಿತ್ತು. ದಿನಾ ಒಂದೇ ಉತ್ತರ ಬರುವ ಪ್ರಶ್ನೆಯನ್ನು ಕೇಳುವುದೇಕೆ ಎಂದು ಬಿಟ್ಟುಬಿಟ್ಟೆ. ಆಮೇಲೂ ಷಟರ್ ಏಳುತ್ತಲೇ ಇತ್ತು. ಅದೂ ಎಂಥ ಏಳುವುದು! ಬೇರೆಯವರು ಎರಡೂ ಕೈ ಹಾಕಿ ಎತ್ತುವುದನ್ನು ನಾನು ಕಿರುಬೆರಳಿನಲ್ಲಿ ಎತ್ತುತ್ತಿದ್ದೆ. ಜನ ನಿಂತು ನೋಡುತ್ತಿದ್ದರು. ಕಿರುಬೆರಳಿನ ಶೆಟ್ಟರು ಎಂದು ಹೆಸರೇ ಬಿತ್ತು.

ಒಬ್ಬ ಮನುಷ್ಯನಿಗೆ ಹೀಗೆಲ್ಲ ಆದರೆ ತಲೆ ತಿರುಗದೆ ಇರುತ್ತದೆಯೇ? ನನ್ನದು ಗಿರ್ರೆಂದು ತಿರುಗಿತು. ಇದು ಮನೆಯವರ ಮಾತಲ್ಲ, ನನ್ನ ಭಕ್ತಿಯ ಫಲ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಉಳಿದವರದು ಸಾಮಾನ್ಯ ಷಟರ್, ನನ್ನದು ದೇವರು ಕೈಹಿಡಿದ ಷಟರ್. ಬೆಳಿಗ್ಗೆ ಅಂಗಡಿಯ ಮುಂದೆ ಕರ್ಪೂರ ಹಚ್ಚಿ, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ, ಜನ ಸಾಕಷ್ಟು ಸೇರಿದ್ದಾರೆಯೇ ಎಂದು ಒಂದು ಕಣ್ಣಿನ ಸಂದಿಯಿಂದ ನೋಡಿಕೊಂಡು, ಆಮೇಲೆ ಬೆರಳು ಹಾಕುತ್ತಿದ್ದೆ. ಕೆಲವು ದಿನ, ಮುಖ್ಯವಾಗಿ ಹಬ್ಬದ ಮಾರನೇ ದಿನ, ಷಟರ್ ಸ್ವಲ್ಪ ತಡವಾಗಿ ಏಳುತ್ತಿತ್ತು. ಆಗ ನಾನು ಧ್ಯಾನದಲ್ಲಿದ್ದೇನೆ ಎಂದು ಜನ ಸುಮ್ಮನಿರುತ್ತಿದ್ದರು. ನಾನೂ ಹಾಗೆಯೇ ಅಂದುಕೊಳ್ಳುತ್ತಿದ್ದೆ.

ವರ್ತಕರ ಸಂಘದವರು ಹೊಸದಾಗಿ ವ್ಯಾಪಾರಕ್ಕೆ ಇಳಿಯುವ ಹುಡುಗರಿಗೆ ಬುದ್ಧಿ ಹೇಳಲು ನನ್ನನ್ನೇ ಕರೆಯುತ್ತಿದ್ದರು. "ದೇವರಲ್ಲಿ ನಂಬಿಕೆ, ಮನೆಯಲ್ಲಿ ನೆಮ್ಮದಿ, ಇವೆರಡೇ ನನ್ನ ಬಂಡವಾಳ" ಎಂದು ಶುರು ಮಾಡಿ, ನಂಬಿಕೆಯ ಬಗ್ಗೆ ಗಂಟಲು ಒಣಗುವವರೆಗೆ ಮಾತಾಡುತ್ತಿದ್ದೆ. ನೆಮ್ಮದಿಯ ವಿಷಯಕ್ಕೆ ಬರುವಷ್ಟರಲ್ಲಿ ಉಪ್ಪಿಟ್ಟು ಬರುತ್ತಿತ್ತು. ಒಮ್ಮೆ ಒಬ್ಬ ಹುಡುಗಿ ಎದ್ದು, "ಸಾರ್, ಮನೆಯವರನ್ನ ನೀವು ಖುಷಿಯಾಗಿಟ್ಟುಕೊಳ್ಳೋದು ಹೇಗೆ?" ಎಂದು ಕೇಳಿದಾಗ ನಾನು ಗಂಭೀರವಾಗಿ, "ಅವರ ಪಾಡಿಗೆ ಅವರನ್ನ ಬಿಡಬೇಕಮ್ಮ" ಎಂದೆ. ಚಪ್ಪಾಳೆ ಬಿತ್ತು.

ನನ್ನ ಮನೆಯ ನೆಮ್ಮದಿ ಹೇಗಿತ್ತೆಂದು ಹೇಳಬೇಕಾದರೆ ನಮ್ಮ ಅಡುಗೆಮನೆಯನ್ನು ನೋಡಬೇಕು. ನಮ್ಮ ಕಡೆ ಮದುವೆಗೆ ಪಾತ್ರೆ ಕೊಡುವಾಗ ಅದರ ಮೇಲೆ ವಧೂವರರ ಹೆಸರು ಕೊರೆಸಿಯೇ ಕೊಡಬೇಕು. ನನ್ನ ವ್ಯಾಪಾರ ಮುಕ್ಕಾಲು ಪಾಲು ಇದೇ. ಆದರೆ ಎಲ್ಲ ಮದುವೆಗಳೂ ನಡೆಯುವುದಿಲ್ಲವಲ್ಲ! ಮಾತುಕತೆ ಮುರಿದು ಮದುವೆ ನಿಂತುಹೋದರೆ, ಹೆಸರು ಕೊರೆದ ಪಾತ್ರೆ ನನ್ನ ಅಂಗಡಿಯಲ್ಲೇ ಉಳಿಯುತ್ತದೆ. ಬೇರೆ ಯಾರೂ ಅದನ್ನು ಮುಟ್ಟುವುದಿಲ್ಲ. ಅವನ್ನೆಲ್ಲ ನಾನು ಮನೆಗೆ ತರುತ್ತಿದ್ದೆ. ಒಂದು ಸೌಟು ಕೂಡ ದಂಡವಾಗಬಾರದು ಎಂಬುದು ನನ್ನ ಇನ್ನೊಂದು ತತ್ವ. ಹೀಗಾಗಿ ನಮ್ಮ ಮನೆಯಲ್ಲಿ ಅನ್ನ ಬೇಯುತ್ತಿದ್ದುದು ವಿಮಲಾ ಮತ್ತು ಪ್ರಭಾಕರರ ತಪ್ಪಲೆಯಲ್ಲಿ, ಸಾರು ಕುದಿಯುತ್ತಿದ್ದುದು ಶಾರದಾ ಮತ್ತು ಗಂಗಾಧರರ ಡಬರಿಯಲ್ಲಿ. ಅಲಮೇಲು ಅವರೆಲ್ಲ ನಮ್ಮ ಬಂಧುಗಳೇನೋ ಎಂಬಂತೆ ಮಾತಾಡುತ್ತಿದ್ದಳು. "ಈ ಪ್ರಭಾಕರ ಯಾವಾಗಲೂ ತಳ ಹಿಡೀತಾನೆ. ಆ ವಿಮಲಾ ಒಲ್ಲೆ ಅಂದಿದ್ದೇ ಒಳ್ಳೇದಾಯ್ತು" ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ಹೆಂಡತಿ ತಮಾಷೆ ಮಾಡುತ್ತಾಳೆ ಎಂದರೆ ಸುಖವಾಗಿದ್ದಾಳೆ ಎಂದೇ ಲೆಕ್ಕ.

ಈ ನಡುವೆ ನಾನು ಪೇಟೆಯ ನಟ್ಟನಡುವೆ ಮೂರಂತಸ್ತಿನ ಹೊಸ ಮಳಿಗೆ ಕಟ್ಟಿಸಿದೆ. ಮದುವೆಯ ಕಾಲ ಶುರುವಾಗುವ ಮುನ್ನ ಪ್ರಾರಂಭ ಮಾಡಬೇಕೆಂದು ಮುಹೂರ್ತ ಇಡಿಸಿದೆ. ಊರಿಗೆ ಊರನ್ನೇ ಕರೆದೆ. ಅದೇ ಸಭೆಯಲ್ಲಿ ಸಂಘದವರು ನನಗೆ ಶಾಲು ಹೊದಿಸಿ 'ಆದರ್ಶ ವರ್ತಕ' ಎಂಬ ಬಿರುದು ಕೊಡುವುದೆಂದೂ ಗೊತ್ತಾಯಿತು. ಗೊತ್ತಾಯಿತು ಎಂದರೆ, ಕೊಡಿ ಎಂದು ನಾನೇ ಸಂಘದ ಹಿರಿಯರಾದ ಹಾಲಪ್ಪನವರ ಕಿವಿಗೆ ಹಾಕಿದ್ದೆ.

ಹಿಂದಿನ ದಿನ ಸಂಜೆ ಹೊಸ ಮಳಿಗೆಯ ದೇವರ ಗೂಡಿಗೆ ಎಲ್ಲ ಜೋಡಿಸುತ್ತಿದ್ದಾಗ ನೈವೇದ್ಯಕ್ಕೆ ಒಂದು ಪುಟ್ಟ ಬಟ್ಟಲು ಬೇಕಾಯಿತು. ಮೂರಂತಸ್ತಿನ ತುಂಬ ಬಟ್ಟಲುಗಳಿದ್ದವು. ಆದರೆ ಮನೆಯ ದೇವರ ಮುಂದೆ ಇಷ್ಟು ವರ್ಷ ಇದ್ದ ಬಟ್ಟಲಿಗೆ ಒಂದು ದೈವಕಳೆ ಇರುತ್ತದೆ ಎಂದು ನನಗೆ ಹೊಳೆಯಿತು. ಮನೆಗೆ ಹೋದೆ. ಅಲಮೇಲು ಹಿತ್ತಿಲಲ್ಲಿದ್ದಳು. ದೇವರ ಗೂಡಿನಲ್ಲಿದ್ದ ಹಿತ್ತಾಳೆಯ ಹಳೆಯ ಬಟ್ಟಲನ್ನು ಜೇಬಿಗೆ ಹಾಕಿಕೊಂಡು ಬಂದೆ. ಅದು ಗೀರುಗೀರಾಗಿ ಮಂಕಾಗಿತ್ತು. ಕೆಲಸದವನ ಕೈಗೆ ಕೊಟ್ಟು, "ಇದಕ್ಕೆ ಚೆನ್ನಾಗಿ ಪಾಲಿಶ್ ಹಾಕಿ, ಅಂಗಡಿ ಹೆಸರು ಕೊರೆದುಬಿಡು" ಎಂದೆ. ಪಾಲಿಶ್ ಚಕ್ರದ ಮೇಲಿಂದ ಇಳಿದಾಗ ಅದು ಚಿನ್ನದಂತೆ ಹೊಳೆಯುತ್ತಿತ್ತು. ಮೈಮೇಲೆ ಮಿಷನ್ನಿನ ಮುದ್ದಾದ ಅಕ್ಷರದಲ್ಲಿ 'ಚಿದಂಬರ ಪಾತ್ರೆ ಭಂಡಾರ' ಎಂದಿತ್ತು. ನನಗೆ ಬಹಳ ಸಂತೋಷವಾಯಿತು.

ಮಾರನೆಯ ಬೆಳಿಗ್ಗೆ ಪೇಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪೇಟ, ಹಾರ, ರೇಷ್ಮೆ ಪಂಚೆ ಎಲ್ಲ ಏರಿಸಿಕೊಂಡು ನಾನು ಷಟರಿನ ಮುಂದೆ ನಿಂತೆ. ಪಕ್ಕದ ಪೂಜೆಯ ಮೇಜಿನ ಮೇಲೆ ಆ ಬಟ್ಟಲು ಥಳಥಳ ಎನ್ನುತ್ತಿತ್ತು. ನಮ್ಮ ಅಂಗಡಿಯ ವ್ಯವಹಾರ ನೋಡಿಕೊಳ್ಳುವ ಮಗಳು ವಾಸಂತಿ ಮೈಕು ಹಿಡಿದು, ತಂದೆಯವರು ಈಗ ತಮ್ಮ ಪ್ರಸಿದ್ಧ ಕಿರುಬೆರಳಿನಿಂದ ಮಳಿಗೆಯನ್ನು ತೆರೆಯಲಿದ್ದಾರೆ ಎಂದು ಸಾರಿದಳು. ಅವಳ ತಾಯಿ ನೈವೇದ್ಯದ ಪಾಯಸ ಮುಗಿಸಿಕೊಂಡು ಆಮೇಲೆ ಬರುವವಳಿದ್ದಳು. ವಾದ್ಯದವರು ಜೋರು ಮಾಡಿದರು. ನಾನು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿ, ಕಿರುಬೆರಳು ಹಾಕಿ ಎತ್ತಿದೆ.

ಷಟರ್ ಏಳಲಿಲ್ಲ. ಧ್ಯಾನದಲ್ಲಿರುವವನಂತೆ ಇನ್ನೂ ಸ್ವಲ್ಪ ಹೊತ್ತು ನಿಂತೆ. ಮತ್ತೆ ಎತ್ತಿದೆ. ಬೆರಳು ನೋವಾಯಿತೇ ಹೊರತು ಷಟರ್ ಮಿಸುಕಲಿಲ್ಲ. ಜನಕ್ಕೆ ಕಾಣದಂತೆ ಉಳಿದ ಬೆರಳುಗಳನ್ನೂ ಸೇರಿಸಿದೆ. ಆಮೇಲೆ ಮರೆಮಾಚುವುದನ್ನು ಬಿಟ್ಟು ಎರಡೂ ಕೈ ಹಾಕಿದೆ, ಹಾರ ಕುತ್ತಿಗೆಯಿಂದ ಜಾರಿ ಮೊಣಕೈಗೆ ಸಿಕ್ಕಿಕೊಂಡಿತು. ವಾದ್ಯದವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಡೋಲಿನವನು ಮಾತ್ರ ಗಮನಿಸದೆ ಇನ್ನಷ್ಟು ಹೊತ್ತು ಬಾರಿಸಿದ.

ವಾಸಂತಿ ಮೈಕನ್ನು ಆರಿಸಿ ನನ್ನ ಹತ್ತಿರ ಬಂದಳು. "ಅಪ್ಪ, ಹೊರಡೋವಾಗ ಅಮ್ಮನ್ನ ಕೇಳಿದ್ರಾ?"

"ಏನನ್ನ?"

"ಊರೆಲ್ಲ ಕೇಳೋದನ್ನ."

"ನಿಮ್ಮಮ್ಮಂಗೇನಮ್ಮ ಕಡಿಮೆ? ಇದು ದೈವದ್ದು. ಕದದಮ್ಮಂಗೆ ಏನೋ ಹರಕೆ ಬಾಕಿ ಇರ್ಬೇಕು" ಎಂದೆ. ಪುರೋಹಿತರಿಗೆ ಹೇಳಿ ಇನ್ನೊಂದು ಮಂಗಳಾರತಿ ಮಾಡಿಸಿದೆ. ಕುಂಬಳಕಾಯಿ ಒಡೆಸಿದೆ. ಕದದಮ್ಮನ ಗುಡಿಗೆ ಬೆಳ್ಳಿಯ ಕದ ಮಾಡಿಸಿಕೊಡುತ್ತೇನೆಂದು ಎಲ್ಲರಿಗೂ ಕೇಳುವಂತೆ ಹರಕೆ ಹೊತ್ತೆ. ಆಮೇಲೆ ನೆನಪಾಯಿತು, ಆ ದೇವಿಯ ಗುಡಿಗೆ ಕದವೇ ಇರಬಾರದೆಂಬುದು ಊರಿನ ಕಟ್ಟಲೆ. ಷಟರ್ ಇನ್ನಷ್ಟು ಬಿಗಿಯಾಯಿತೋ ಏನೋ.

ಅಷ್ಟರಲ್ಲಿ ಹಳೆಯ ಅಂಗಡಿಯಿಂದ ಕೆಲಸದವರು ಓಡಿ ಬಂದು ಅಲ್ಲಿಯ ಷಟರೂ ಏಳುತ್ತಿಲ್ಲ ಎಂದರು. ಗೋದಾಮಿನದೂ ಇಲ್ಲ. ನನಗೆ ಬೆವರಿಳಿಯಿತು. ಜನರಲ್ಲಿ ಗುಸುಗುಸು ಶುರುವಾಗಿತ್ತು. ಹೆಣ್ಣು ಹೆತ್ತವರು, ಗಂಡು ಹೆತ್ತವರು ಎಲ್ಲ ಅಲ್ಲಿದ್ದರು. ಮದುವೆಯ ಪಾತ್ರೆಯನ್ನು ಸಂಸಾರ ಸರಿಯಿಲ್ಲದವನ ಅಂಗಡಿಯಿಂದ ಯಾರು ಕೊಳ್ಳುತ್ತಾರೆ? ಇವತ್ತು ಈ ಷಟರ್ ಏಳದಿದ್ದರೆ ಈ ಸಲದ ಮದುವೆ ಕಾಲವಷ್ಟೇ ಅಲ್ಲ, ನನ್ನ ಕಸುಬೇ ಮುಗಿಯಿತು. ಹಾಲಪ್ಪನವರು ನನಗೆ ಹೊದಿಸಬೇಕಾಗಿದ್ದ ಶಾಲನ್ನು ಬಿಸಿಲಿಗೆಂದು ತಮ್ಮ ಪೇಟದ ಮೇಲೆ ಹಾಕಿಕೊಂಡು, "ಮುಂಚೇನೇ ಹೇಳಿದ್ರೆ ಸಂಜೆ ಇಟ್ಕೋಬಹುದಿತ್ತಲ್ಲ ಶೆಟ್ರೇ, ನಾನು ಹಾಗೇ ಮಾಡೋದು" ಎಂದು ಮರುಗಿದರು.

ಗಫಾರ್ ಸಾಬರು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು. "ಶೆಟ್ರೇ, ನಾನೂ ಐದು ಹೊತ್ತು ನಮಾಜು ಮಾಡೋನು. ಆದ್ರೂ ಬನ್ನು ಗಟ್ಟಿ ಇತ್ತು ಅಂತ ಅಮ್ಮ ಮನಸ್ಸಲ್ಲೇ ಇಟ್ಕೊಂಡ್ರೆ ನನ್ನ ಷಟರ್ ಏಳಲ್ಲ. ದೇವರನ್ನ ಇದಕ್ಕೆ ಯಾಕೆ ಎಳೀತೀರಿ? ಮನೆಗೆ ಹೋಗಿ."

"ಮನೆಗೆ ಹೋಗಿ ಏನಂತ ಕೇಳ್ಲಿ ಸಾಬ್ರೇ? ನಂಗೆ ಅಭ್ಯಾಸ ತಪ್ಪಿದೆ."

"ಏನೋ ಒಂದು ಕೇಳಿ. ಅವ್ರು ಹೇಳ್ತಾರೆ."

ಪೇಟ ಹಾರಗಳ ಸಮೇತ ಊರ ಜನರ ನಡುವೆ ದಾರಿ ಮಾಡಿಕೊಂಡು ಮನೆಗೆ ನಡೆದೆ. ಮದುವೆ ಮಂಟಪದಿಂದ ಓಡಿಹೋಗುತ್ತಿರುವ ಮುದಿ ಮದುಮಗನಂತೆ ಕಂಡಿರಬೇಕು.

ಅಲಮೇಲು ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಸುತ್ತಲೂ ಬಟ್ಟಲುಗಳನ್ನು ಹರವಿಕೊಂಡಿದ್ದಳು. ನನ್ನ ಹೆಂಡತಿ ಗಿಡ್ಡ ಆಳು, ನನ್ನ ಭುಜಕ್ಕೆ ಬರುತ್ತಾಳೆ. ಅಷ್ಟು ಪಾತ್ರೆಗಳ ನಡುವೆ ಇನ್ನೂ ಸಣ್ಣಗೆ ಕಂಡಳು. ಒಲೆಯ ಮೇಲೆ ಪಾಯಸ ಆರುತ್ತಿತ್ತು.

"ಇದೇನ್ರೀ, ಇಷ್ಟು ಬೇಗ ಬಂದ್ರಿ? ಪೂಜೆ ಮುಗೀತಾ?"

"ಷಟರ್ ಏಳ್ತಿಲ್ಲ ಕಣೇ."

"ಓ" ಎಂದಳು. ಆಶ್ಚರ್ಯ ಪಟ್ಟಂತೆ ಕಾಣಲಿಲ್ಲ. "ಇನ್ನೂ ನಂದು ಆಗಿಲ್ಲ, ಅದಕ್ಕೆ."

"ನಿಂದು ಅಂದ್ರೆ?"

"ನೀವು ಹೋದ್ಮೇಲೆ ದಿನಾ ನಾನು ದೇವರ ಮುಂದೆ ಬಟ್ಟಲಲ್ಲಿ ಹಾಲಿಟ್ಟು ಕೂತ್ಕೋತೀನಲ್ಲ. ಹಿಂದಿನ ದಿನದ್ದು ಏನೇನಿದೆ ಎಲ್ಲ ಹೇಳ್ತೀನಿ. ನೀವೇನಂದ್ರಿ, ಏನು ಮರೆತ್ರಿ, ಯಾರ ಮುಂದೆ ಹೇಗೆ ಮಾತಾಡಿದ್ರಿ, ಎಲ್ಲ. ಹೇಳಿ ಮುಗಿದ್ಮೇಲೆ, ತಾಯೀ, ಇವತ್ತಿಗೆ ಇದನ್ನ ಬಿಟ್ಟೆ, ಅವರ ಷಟರ್ ಏಳ್ಲಿ ಅಂತೀನಿ. ಆಮೇಲೆ ಕಾಫಿ ಕುಡಿಯೋದು."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. "ದಿನಾನಾ?"

"ದಿನಾ ಬಿಡದಿದ್ರೆ ಹೇಗ್ರೀ? ನೀವು ದಿನಾ ಹೊಸದು ಮಾಡ್ತೀರಲ್ಲ" ಎಂದಳು. ಹಂಗಿಸಿದ್ದಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದಳು. "ಹಬ್ಬ ಆದ ಮಾರನೇ ದಿನ ಸ್ವಲ್ಪ ಹೊತ್ತು ಹಿಡಿಯುತ್ತೆ. ನೆಂಟರ ಮುಂದೆ ನೀವು ಜಾಸ್ತಿ ಮಾತಾಡಿರ್ತೀರಿ."

ನನ್ನ ಧ್ಯಾನದ ಗುಟ್ಟು ಅಲ್ಲಿಗೆ ತಿಳಿಯಿತು. ಇಷ್ಟು ವರ್ಷ ನಾನು ಪೇಟೆಯಲ್ಲಿ ಬೆರಳು ಎತ್ತುತ್ತಿದ್ದೆ, ಇಲ್ಲಿ ಇವಳು ಒಬ್ಬಳೇ ಷಟರ್ ಎತ್ತುತ್ತಿದ್ದಳು. ನಾಚಿಕೆಯಾಯಿತು. ಆದರೆ ನಾನು ವ್ಯಾಪಾರಿ. ನಾಚಿಕೆಯ ಜೊತೆಗೇ, ಹಾಗಾದರೆ ಕೆಲಸ ಸುಲಭವಾಯಿತಲ್ಲ ಎಂಬ ಯೋಚನೆಯೂ ಬಂತು.

"ಸರಿ, ಹಾಗಾದ್ರೆ ಬೇಗ ಒಂದು ಸಲ ಬಿಟ್ಟುಬಿಡು. ಜನ ಬಿಸಿಲಲ್ಲಿ ನಿಂತಿದ್ದಾರೆ" ಎಂದೆ.

"ಬಟ್ಟಲೇ ಸಿಗ್ತಿಲ್ಲ. ಬೆಳಗಿಂದ ಅದನ್ನೇ ಹುಡುಕ್ತಿದ್ದೀನಿ."

"ಇಷ್ಟೊಂದು ಇವೆಯಲ್ಲೇ ಇಲ್ಲಿ!"

ಅವಳು ಒಂದು ಬಟ್ಟಲನ್ನು ಎತ್ತಿ ನನ್ನ ಕಡೆ ತಿರುಗಿಸಿದಳು. 'ಶಾರದಾ – ಗಂಗಾಧರ' ಎಂದಿತ್ತು. "ಇವರ ಹೆಸರಿನ ಬಟ್ಟಲಲ್ಲಿಟ್ಟು ನನ್ನ ಮನಸ್ಸಿಂದು ಹೇಗೆ ಬಿಡ್ಲಿ? ಇವರ ಮುನಿಸೇ ಬೇರೆ, ಪಾಪ. ಎಲ್ಲಾದರ ಮೇಲೂ ಯಾರ್ಯಾರದೋ ಹೆಸರು. ಅದೊಂದು ಬಟ್ಟಲ ಮೇಲೆ ಮಾತ್ರ ನನ್ನ ಹೆಸರಿತ್ತು. ನಾನು ಹುಡುಗಿಯಾಗಿದ್ದಾಗ ಅಮ್ಮ ಬಾಗಿಲಿಗೆ ಬಂದ ಹೆಸರು ಕೊರೆಯೋನ ಕೈಲಿ ಬರೆಸಿದ್ದು. ಅವನಿಗೂ ಓದು ಬರಹ ಅಷ್ಟಕ್ಕಷ್ಟೇ, ಅಕ್ಷರ ಎಲ್ಲ ವಾಲಿದ್ವು. ಈ ಮನೇಲಿ ನನ್ನ ಹೆಸರಿರೋದು ಅದೊಂದರ ಮೇಲೇನೇ ಅಲ್ವೇನ್ರೀ?"

ನಾನು ಗೀರು ಎಂದುಕೊಂಡಿದ್ದು ಅವಳ ಹೆಸರು. ಊರಿನಲ್ಲಿ ಯಾವ ಮನೆಗೆ ಹೋದರೂ ನಾನು ಕೊರೆಸಿಕೊಟ್ಟ ಹೆಸರುಗಳಿವೆ. ಹೆಸರು ಕೊರೆಯುವುದೇ ನನ್ನ ಅನ್ನ. ಇದ್ದ ಒಂದೇ ಒಂದು ಹೆಸರನ್ನು ಅಳಿಸಿದ್ದು ಕೂಡ ನಾನೇ. ಸುಳ್ಳು ಹೇಳೋಣವೇ ಎಂದು ಒಂದು ಕ್ಷಣ ಯೋಚಿಸಿದೆ. ಅಂಥದೇ ಇನ್ನೊಂದು ಬಟ್ಟಲು ಹುಡುಕಿ ತಂದರೆ ಹೇಗೆ ಎಂದೂ ಯೋಚಿಸಿದೆ. ಆದರ್ಶ ವರ್ತಕನ ತಲೆ ಹಾಗೆಯೇ ಓಡುವುದು.

"ಅಲಮೇಲು, ಅದನ್ನ ನಾನು ತಗೊಂಡು ಹೋದೆ" ಎಂದೆ. "ಪಾಲಿಶ್ ಹಾಕಿಸಿದೆ. ಹೆಸರು ಹೋಯ್ತು."

ಅವಳು ಕೈಯಲ್ಲಿದ್ದ ಬಟ್ಟಲನ್ನು ನೆಲದ ಮೇಲಿಟ್ಟಳು. "ಹೆಸರಿತ್ತಲ್ಲ, ನೋಡ್ಲಿಲ್ವಾ?"

"ನೋಡ್ಲಿಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಅವಳು ಬಟ್ಟಲುಗಳನ್ನು ಒಂದರೊಳಗೊಂದು ಜೋಡಿಸತೊಡಗಿದಳು. ಕಣ್ಣು ತುಂಬಿತ್ತು. "ಹೋಗ್ಬನ್ನಿ, ಜನ ಕಾಯ್ತಿರ್ತಾರೆ" ಎಂದಳು. ಮದುವೆಯ ಹೊಸದರಲ್ಲಿ ಹೇಳುತ್ತಿದ್ದಳಲ್ಲ, ಅದೇ ಧ್ವನಿ. ಆವತ್ತಿನಿಂದ ಇವತ್ತಿನವರೆಗೂ ಈ ಮಾತನ್ನು ಎಷ್ಟು ಸಲ ಹೀಗೇ ಹೇಳಿದ್ದಳೋ! ಷಟರ್ ಏಳದಿದ್ದರೂ ಪರವಾಗಿಲ್ಲ, ಇವಳು ಇನ್ನೊಮ್ಮೆ ಪ್ರಭಾಕರನನ್ನು ಬೈದು ನಗಲಿ ಎನ್ನಿಸಿತು. ನಿಜವಾಗಿಯೂ ಎನ್ನಿಸಿತು. ನಾನು ಹೇಳಿದರೆ ನೀವು ನಂಬಲಾರಿರಿ, ನನಗೇ ನಂಬಿಕೆಯಾಗಲಿಲ್ಲ.

"ನನ್ನ ಹಳೇ ಉಳಿ ಎಲ್ಲಿದೆ?" ಎಂದು ಕೇಳಿದೆ.

"ಬೆಲ್ಲದ ಡಬ್ಬದಲ್ಲಿ."

ಮಿಷನ್ನು ಬರುವ ಮುಂಚೆ ನಾನು ಹೆಸರು ಕೊರೆಯುತ್ತಿದ್ದುದು ಅದೇ ಉಳಿಯಿಂದ. ಈಗ ಅದರಲ್ಲಿ ಬೆಲ್ಲ ಒಡೆಯುತ್ತಿದ್ದಳು. ತುದಿಗೆ ಮೆತ್ತಿದ್ದ ಬೆಲ್ಲವನ್ನು ಪಂಚೆಗೆ ಒರೆಸಿ, ಸುತ್ತಿಗೆಯನ್ನೂ ಹುಡುಕಿಕೊಂಡು ಪೇಟೆಗೆ ವಾಪಸು ಬಂದೆ. ಯಾರ ಮುಖವನ್ನೂ ನೋಡದೆ, ಪೂಜೆಯ ಮೇಜಿನಿಂದ ಬಟ್ಟಲನ್ನು ಎತ್ತಿಕೊಂಡು ಹೊಸ ಮಳಿಗೆಯ ಮೆಟ್ಟಿಲ ಮೇಲೆ ಕೂತೆ. ಬಟ್ಟಲನ್ನು ಮೊಣಕಾಲ ನಡುವೆ ಅವುಚಿಕೊಂಡು ಕೊರೆಯತೊಡಗಿದೆ. ಉಳಿ ಜಾರಿ ಹೆಬ್ಬೆರಳಿಗೆ ತಾಗಿತು.

ಜನ ಸುತ್ತ ಕವಿದರು. ಏನು ನಡೆಯುತ್ತಿದೆಯೆಂದು ಯಾರಿಗೂ ತಿಳಿಯಲಿಲ್ಲ. ಆದರೆ ತಿಳಿಯಲಿಲ್ಲವೆಂದು ಒಪ್ಪಿಕೊಳ್ಳುವವರು ನಮ್ಮ ಪೇಟೆಯಲ್ಲಿ ಕಡಿಮೆ. "ಇದು ಅವರ ಮನೆತನದ ಸಂಪ್ರದಾಯ" ಎಂದು ಯಾರೋ ಅಂದರು. ಪುರೋಹಿತರು ತಮ್ಮ ಕೆಲಸಕ್ಕೆ ಕುಂದು ಬರಬಾರದೆಂದು ಉಳಿಯ ಏಟಿಗೆ ಸರಿಯಾಗಿ ಮಂತ್ರ ಹೇಳತೊಡಗಿದರು. ಡೋಲಿನವನೂ ಸೇರಿಕೊಂಡ. ವಾಸಂತಿ ಮಾತ್ರ ನನ್ನ ಹಿಂದೆ ಬಂದು ಬಗ್ಗಿ ನೋಡಿದಳು. ಮೂಡುತ್ತಿದ್ದ ಅಕ್ಷರಗಳನ್ನು ಓದಿ, ಏನೂ ಕೇಳದೆ, ಬಿಸಿಲು ಬೀಳದಂತೆ ನನ್ನ ತಲೆಯ ಮೇಲೆ ತನ್ನ ಸೆರಗು ಹಿಡಿದಳು.

ಕೊರೆದು ಮುಗಿಸಿ ಮತ್ತೆ ಮನೆಗೆ ಹೋದೆ. ಅಲಮೇಲು ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಮಿಷನ್ನಿನ ಮುದ್ದಾದ 'ಚಿದಂಬರ ಪಾತ್ರೆ ಭಂಡಾರ'ದ ನೆತ್ತಿಯ ಮೇಲೆ ವಕ್ರವಕ್ರವಾಗಿ 'ಅಲಮೇಲು' ಎಂದು ಹತ್ತಿ ಕೂತಿತ್ತು.

"ಅವನಿಗಿಂತಲೂ ಸೊಟ್ಟ ಬರೆದಿದ್ದೀರಿ" ಎಂದಳು.

"ಅಭ್ಯಾಸ ತಪ್ಪಿದೆ" ಎಂದೆ. ಆ ದಿನ ಎರಡನೆಯ ಸಲ ಅದೇ ಮಾತು.

ಬಟ್ಟಲನ್ನು ತೊಳೆದು ಹಾಲು ಹಾಕಿ ದೇವರ ಮುಂದಿಟ್ಟಳು. ನಾನು ಅಲ್ಲೇ ಕೈಮುಗಿದು ನಿಂತೆ. "ನೀವು ಹೊರಗಿರಿ" ಎಂದಳು. ಬಾಗಿಲು ಮುಚ್ಚಿಕೊಂಡಿತು. ಒಳಗಿನಿಂದ ಅವಳ ಧ್ವನಿ ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಹೇಳುವುದು ಮುಗಿಯುವಂತೆಯೇ ಕಾಣಲಿಲ್ಲ. ನಾನು ಜಗಲಿಯ ಮೇಲೆ ಕೂತು, ಇಷ್ಟೊಂದು ಏನು ಮಾಡಿದ್ದೇನೆ ಎಂದು ನೆನಪಿಸಿಕೊಳ್ಳಲು ನೋಡಿದೆ. ಒಂದೊಂದೇ ನೆನಪಾಗತೊಡಗಿದಾಗ, ಅವಳಿಗೆ ಹೇಳಲು ಇನ್ನೂ ಹೊತ್ತು ಬೇಕಾದೀತು ಎನ್ನಿಸಿತು. ಕೊನೆಗೆ ಬಾಗಿಲು ತೆರೆಯಿತು. ಮುಖ ತೊಳೆದುಕೊಂಡಿದ್ದಳು.

"ಎಲ್ಲಾ ಬಿಟ್ಟೆಯಾ?"

"ಎಲ್ಲಾ ಆಗ್ಲಿಲ್ಲ. ಆದಷ್ಟು ಬಿಟ್ಟಿದ್ದೀನಿ. ಹೋಗಿ ನೋಡಿ."

ಹೋಗಿ ನೋಡಿದೆ. ಈ ಸಲ ಕರ್ಪೂರವಿಲ್ಲ, ತುಟಿ ಅಲ್ಲಾಡಿಸುವುದಿಲ್ಲ, ಎರಡೂ ಕೈ ಹಾಕಿ ಎತ್ತಿದೆ. ಷಟರ್ ಕರಕರ ಎನ್ನುತ್ತ ಮೇಲೆದ್ದು, ನನ್ನ ಸೊಂಟದ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಅಲ್ಲಿಂದ ಮೇಲಕ್ಕೆ ಕೂದಲೆಳೆಯಷ್ಟೂ ಹೋಗಲಿಲ್ಲ. ಏನು ಮಾಡುವುದು? "ಬನ್ನಿ, ಬನ್ನಿ, ಬಗ್ಗಿ ಬನ್ನಿ" ಎಂದೆ. ಮುಖ್ಯ ಅತಿಥಿಗಳಾದ ಹಾಲಪ್ಪನವರು ದೊಡ್ಡ ಶರೀರದವರು. ಬಗ್ಗಿದಾಗ ಅವರ ಪೇಟ ಉರುಳಿಕೊಂಡು ಅವರಿಗಿಂತ ಮುಂಚೆ ಒಳಗೆ ಹೋಯಿತು. ಅವರ ಹಿಂದೆ ಸಂಘದವರು, ಬ್ಯಾಂಕಿನವರು, ಬೀಗರು, ಎಲ್ಲರೂ ಪಂಚೆ ಸೀರೆ ಎತ್ತಿ ಹಿಡಿದು ನುಸುಳಿ ಹೋದರು.

ಬಿರುದು ಕೈತಪ್ಪಿತು ಎಂದುಕೊಂಡೆ. ಆದರೆ ಹಾಲಪ್ಪನವರು ಬೆವರು ಒರೆಸಿಕೊಂಡು ಮೈಕು ಹಿಡಿದು, "ತಲೆ ಬಗ್ಗಿಸಿದವನಿಗೇ ಲಕ್ಷ್ಮಿಯ ದರ್ಶನ ಎಂದು ಶೆಟ್ಟರು ಇವತ್ತು ನಮಗೆಲ್ಲ ತೋರಿಸಿಕೊಟ್ಟರು. ಎಂಥ ವಿನಯ!" ಎಂದರು. ಚಪ್ಪಾಳೆ ಬಿತ್ತು. ಅದು ಹಾಗಲ್ಲ ಎಂದು ನಾನು ಎದ್ದು ನಿಂತು ಹೇಳಿದೆ. ನನ್ನ ಹೆಂಡತಿಯ ಮುನಿಸು ಇನ್ನೂ ಅಷ್ಟು ಉಳಿದಿದೆ, ಅದಕ್ಕೇ ಷಟರ್ ಅಲ್ಲಿಗೆ ನಿಂತಿದೆ ಎಂದು ಬಿಡಿಸಿ ಹೇಳಿದೆ. ಅದಕ್ಕೂ ಚಪ್ಪಾಳೆ ಬಿತ್ತು. ಇದು ಇನ್ನೂ ದೊಡ್ಡ ವಿನಯವೆಂದು ಶಾಲಿನ ಜೊತೆ ಒಂದು ಹಣ್ಣಿನ ಬುಟ್ಟಿಯನ್ನೂ ಕೊಟ್ಟರು.

ಮಾರನೆಯ ವಾರದಿಂದ ಪೇಟೆಯಲ್ಲಿ ಹಲವರು ತಮ್ಮ ಸರಿಯಾದ ಷಟರುಗಳನ್ನೂ ಅರ್ಧಕ್ಕೆ ಇಳಿಸಿಕೊಂಡರು. ಈಗ ನಮ್ಮ ಪೇಟೆಬೀದಿಯಲ್ಲಿ ಸಾಮಾನು ಕೊಳ್ಳುವವರು ನಡ ಹಿಡಿದುಕೊಂಡೇ ಓಡಾಡುತ್ತಾರೆ. ನನಗೆ ಭಾಷಣದ ಕರೆಗಳೂ ಹೆಚ್ಚಾಗಿವೆ. ಹೋಗುತ್ತೇನೆ. ದೇವರ ವಿಷಯ ಎತ್ತುವುದಿಲ್ಲ. "ಹೊರಡುವ ಮುಂಚೆ ಕೇಳಿ, ಹೇಳಿದ್ದನ್ನು ನಿಂತು ಕೇಳಿಸಿಕೊಳ್ಳಿ" ಎಂದಷ್ಟೇ ಹೇಳಿ ಕೂತುಬಿಡುತ್ತೇನೆ. ಇಷ್ಟು ಬೇಗ ಮುಗಿದರೆ ಉಪ್ಪಿಟ್ಟು ಬೆಂದಿರುವುದಿಲ್ಲ ಎಂದು ಸಂಘದವರಿಗೆ ಬೇಸರ.

ಅಲಮೇಲುವಿನ ಹೆಸರು ಕೊರೆ‌ಸಿ ಪೂರಾ ಒಂದು ಸಂಸಾರಕ್ಕಾಗುವಷ್ಟು ಹೊಸ ಪಾತ್ರೆ ತಂದುಕೊಟ್ಟೆ. "ಇಡಿ ಅಲ್ಲಿ" ಎಂದಳು. ಅಡುಗೆ ಈಗಲೂ ಹಳೆಯದರಲ್ಲೇ. "ಈ ಶಾರದಾಗೆ, ಗಂಗಾಧರಂಗೆ ನಾನು ಬಿಟ್ರೆ ಇನ್ಯಾರಿದ್ದಾರೆ?" ಎನ್ನುತ್ತಾಳೆ. ದೇವರ ಮುಂದೆ ಮಾತ್ರ ಆ ಸೊಟ್ಟ ಅಕ್ಷರದ ಬಟ್ಟಲೇ.

ಈಗ ನಾನು ದಿನಾ ಹೊಸ್ತಿಲಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಕೇಳುತ್ತೇನೆ. ಮೊದಮೊದಲು "ಏನಿಲ್ಲ, ಹೋಗ್ಬನ್ನಿ" ಎಂದೇ ಬರುತ್ತಿತ್ತು. ನಾನು ಕದಲದೆ ನಿಲ್ಲುತ್ತಿದ್ದೆ. ಆಮೇಲಾಮೇಲೆ ಒಂದೊಂದಾಗಿ ಬರತೊಡಗಿದವು. ದೇವರ ಪಾಲಿಗೆ ಹೋಗುತ್ತಿದ್ದ ಮಾತು ಈಗ ನನಗೇ ಸಿಗುತ್ತಿತ್ತು. ಷಟರ್ ಸೊಂಟದಿಂದ ಎದೆಗೆ, ಎದೆಯಿಂದ ಇನ್ನೂ ಒಂದಿಷ್ಟು ಮೇಲಕ್ಕೆ ಬಂತು.

ಒಂದು ಬೆಳಿಗ್ಗೆ ನಾನು ಕೇಳುವ ಮುಂಚೆಯೇ ಅಲಮೇಲು ಹೊಸ್ತಿಲಿಗೆ ಬಂದಳು. ಒಳ್ಳೆಯ ಸೀರೆ ಉಟ್ಟಿದ್ದಳು. "ಇವತ್ತು ನಾನೂ ಬರ್ತೀನಿ. ಮೂರಂತಸ್ತು ಮೂರಂತಸ್ತು ಅಂತೀರಿ, ನಾನಿನ್ನೂ ನೋಡೇ ಇಲ್ಲ" ಎಂದಳು. ಪ್ರಾರಂಭದ ದಿನವೂ ಬಾರದೆ ಅವಳು ಅದನ್ನು ನೋಡಿಯೇ ಇಲ್ಲವೆಂಬುದು ಕೂಡ ನನಗೆ ಆಗಲೇ ಹೊಳೆದದ್ದು. ಇಬ್ಬರೂ ಪೇಟೆಯಲ್ಲಿ ನಡೆದು ಹೋದೆವು. ಗಫಾರ್ ಸಾಬರು ಬೇಕರಿಯಿಂದಲೇ ಕೈಮುಗಿದರು. ನಾನು ಬಗ್ಗಿ ಎರಡೂ ಕೈಯಿಂದ ಷಟರ್ ಎತ್ತಿದೆ. ಅದು ನನ್ನ ಭುಜದ ಮಟ್ಟಕ್ಕೆ ಬಂದು ನಿಂತಿತು. ಇನ್ನೂ ಸ್ವಲ್ಪ ಎತ್ತೋಣವೆಂದು ಬಲ ಹಾಕಿದೆ.

"ಸಾಕು ಬಿಡಿ, ಅಷ್ಟೇ ಅದು" ಎಂದು ಹೇಳಿ, ಅಲಮೇಲು ನೆಟ್ಟಗೆ ನಡೆದುಕೊಂಡು ಒಳಗೆ ಹೋದಳು. ತಲೆ ಬಗ್ಗಿಸಬೇಕಾಗಲಿಲ್ಲ. ಅವಳ ಹಿಂದೆ ನಾನು ಬಗ್ಗಿದೆ.